ಬಾಯಿ ಬಿಡುವ ಎರಿ ಹೊಲ ನಿರ್ಜೀವವೇ?

ಬೇಸಿಗೆ ಬಂತೆಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ಎರಿ (ಕಪ್ಪು ಮಣ್ಣಿನ) ಹೊಲಗಳು ಬಾಯಿ ಬಿಡುತ್ತವೆ. ಕೈ ಇಳಿಬಿಟ್ಟರೆ ಮೊಣಕೈವರೆಗೂ ಹೋಗುವಂಥ ಬಿರುಕು. ಮಳೆಯಾದರೆ ಮಣ್ಣು ನೀರು ಕುಡಿದು ಉಬ್ಬಿ ಆ ಬಾಯಿ ಮುಚ್ಚುತ್ತದೆ. ರೈತರ ಈ ಮಾತೆಲ್ಲ ಜೀವ ಇರುವುದರ ಬಗ್ಗೆ ಆಡುವ ಮಾತೇ. ಶಾಲೆಯ ಪಾಠ ಮಾತ್ರ ಮಣ್ಣನ್ನು ಕಲ್ಲು, ನೀರಿನ ಜೊತೆ ‘ನಿರ್ಜೀವ’ ವಸ್ತುಗಳ ಸಾಲಿಗೆ ಹಾಕುತ್ತದೆ.

ಬಾಯಿ ಬಿಡುವ ಮಟ್ಟಿಗೆ ಪಾಠವೇ ಸರಿ. ಈ ಮಣ್ಣಿನ ಮೂಲ ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನ್ನಿನಲ್ಲಿ ಹರಿದು ಹೆಪ್ಪುಗಟ್ಟಿದ ಲಾವಾ. ಆ ಕರಿಗಲ್ಲು ಸವೆದು, ಕೊಳೆತು ಸ್ಮೆಕ್ಟೈಟ್ ಎಂಬ ಜೇಡಿ ಆಯಿತು. ಅದರ ಒಂದೊಂದು ಕಣವೂ ಹಾಳೆಗಳ ಕಟ್ಟು. ಹಾಳೆಯ ದಪ್ಪ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲಿನಷ್ಟು. ಹಾಳೆಗಳ ನಡುವಿನ ಕ್ಯಾಲ್ಸಿಯಂ, ಸೋಡಿಯಂ ಅಯಾನುಗಳು ನೀರನ್ನು ಎಳೆದುಕೊಂಡಾಗ ಹಾಳೆಗಳು ದೂರ ಸರಿಯುತ್ತವೆ, ಮಣ್ಣು ಉಬ್ಬುತ್ತದೆ. ನೀರು ಆರಿದರೆ ಕುಗ್ಗಿ ಬಿರಿಯುತ್ತದೆ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವಾಗ ಕೋಡು ತಿದ್ದಿದ ಹಾಗೆ ನಿಲ್ಲುವುದೂ ಇಂಥ ಜೇಡಿಯ ಗುಣದಿಂದಲೇ. ಇದಕ್ಕೆಲ್ಲ ಜೀವ ಬೇಕಿಲ್ಲ.

ಅಂದರೆ ಅಲುಗಾಟ ಜೀವದ ಗುರುತಲ್ಲ. ಜೀವಿಯಾದದ್ದು ಹೊರಗಿನಿಂದ ಶಕ್ತಿ ಪಡೆದು ತನ್ನ ಮೈಯನ್ನು ತಾನೇ ಕಟ್ಟಿಕೊಳ್ಳಬೇಕು, ಅದರ ಸಂತತಿ ಮುಂದುವರಿಯಬೇಕು. ನಮ್ಮ ವ್ಯಾಕರಣವಂತೂ ಈ ತಂಟೆಗೇ ಹೋಗಿಲ್ಲ: ಎತ್ತೂ ‘ಬಿತ್ತು’, ಕಲ್ಲೂ ‘ಬಿತ್ತು’.

ಜೇಡಿಯ ಕಣ ನಿರ್ಜೀವ, ಒಪ್ಪೋಣ. ಹೊಲದ ಮಣ್ಣನ್ನೇ ಹಾಗೆನ್ನುವುದು ಮಾತ್ರ ತಪ್ಪು. ಒಂದು ಚಿಟಿಕೆ ಮಣ್ಣಿನಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳಿರುತ್ತವೆ. ಮೊದಲ ಮಳೆಯ ವಾಸನೆಗೆ ಮುಖ್ಯ ಕಾರಣವಾದ ಜಿಯೋಸ್ಮಿನ್ ಅನ್ನು ತಯಾರಿಸುವುದು ಸ್ಟ್ರೆಪ್ಟೊಮೈಸಿಸ್‌ನಂಥ ಬ್ಯಾಕ್ಟೀರಿಯಾಗಳು. ಕಡಲೆಯ ಬೇರಿನ ಗಂಟುಗಳಲ್ಲಿ ಕೂತ ಬ್ಯಾಕ್ಟೀರಿಯಾಗಳು ಗಾಳಿಯ ಸಾರಜನಕವನ್ನು ಗಿಡಕ್ಕೆ ಗೊಬ್ಬರವಾಗಿಸುತ್ತವೆ. ಅಲುಗಾಡದ ಈ ಗಂಟಿನಲ್ಲಿ ಜೀವವಿದೆ, ಬಾಯಿ ಬಿಡುವ ಜೇಡಿಯಲ್ಲಿಲ್ಲ! ಪಾಠ ಮಾಡುವ ಗುರುಗಳು ‘ಖನಿಜ ನಿರ್ಜೀವ, ಮಣ್ಣು ಮಿಶ್ರ’ ಎಂದರೆ ಸಾಕು.

ಎಳ್ಳಮಾವಾಸ್ಯೆಗೆ ಚರಗ ಚೆಲ್ಲಲು ಹೊಲಕ್ಕೆ ಹೋದಾಗ ಒಂದು ಕಡಲೆ ಗಿಡವನ್ನು ಬೇರು ಹರಿಯದಂತೆ ಅಗೆದು ತೆಗೆಯಿರಿ. ಗಂಟೊಂದನ್ನು ಉಗುರಿನಿಂದ ಸೀಳಿ ಮಕ್ಕಳಿಗೆ ತೋರಿಸಿ. ಒಳಗೆ ನಸುಗೆಂಪಿದ್ದರೆ ಬ್ಯಾಕ್ಟೀರಿಯಾ ಕೆಲಸ ನಡೆಸಿದೆ. ಹಸಿರು, ಕಂದು ತಿರುಗಿದ್ದರೆ ಆ ಗಂಟಿನ ಕೆಲಸ ಮುಗಿದಿದೆ.