ದಾನದ ಸಾಮಾನಿಗೆ ಓರಣದ ಮರ್ಯಾದೆ

ಇಂಗ್ಲೆಂಡಿನ ಆಕ್ಸ್‌ಫರ್ಡ್ ನಗರದ ಬ್ರಾಡ್ ಸ್ಟ್ರೀಟಿನಲ್ಲಿ 17ನೇ ನಂಬರಿನ ಅಂಗಡಿ ಒಂದು ದೊಡ್ಡ ಪರಂಪರೆಗೆ ನಾಂದಿ ಹಾಡಿದ ಜಾಗ. ಎರಡನೇ ಮಹಾಯುದ್ಧದ ನಡುವೆ, 1942ರಲ್ಲಿ, ಗ್ರೀಸ್ ದೇಶದಲ್ಲಿ ಹಸಿವಿನಿಂದ ಸಾಯುತ್ತಿದ್ದವರ ನೆರವಿಗಾಗಿ ಈ ಊರಿನಲ್ಲೊಂದು ಸಮಿತಿ ಹುಟ್ಟಿತು. ಅದೇ ಮುಂದೆ ಆಕ್ಸ್‌ಫ್ಯಾಮ್ ಆಯಿತು. ಯುದ್ಧ ಮುಗಿದ ಮೇಲೂ ಜನ ಬಟ್ಟೆಬರೆ, ಸಾಮಾನು ಕೊಡುತ್ತಲೇ ಹೋದರು. ಅದನ್ನು ಮಾರಿ ಹಣ ಮಾಡಿ ಸೇವೆಗೆ ಬಳಸೋಣವೆಂದು 1947ರ ಕೊನೆಯಲ್ಲಿ ಸಮಿತಿ ಈ ಅಂಗಡಿ ತೆರೆಯಿತು. 1949ರಲ್ಲಿ ಉಸ್ತುವಾರಿಗೆ ಬಂದ ಜೋ ಮಿಟ್ಟಿ, ಬಂದದ್ದನ್ನೆಲ್ಲ ಮಾರಬಲ್ಲ ಚತುರ. ಯಾರೋ ದಾನ ಕೊಟ್ಟ ಜೀವಂತ ಕತ್ತೆಯನ್ನೂ ಅವರು ಮಾರಿದ್ದರು. ಅಂಗಡಿ ಇಂದಿಗೂ ಅಲ್ಲೇ ನಡೆಯುತ್ತಿದೆ.

ಈಗ ಬ್ರಿಟನ್ನಿನ ಪೇಟೆಬೀದಿಗಳಲ್ಲಿ ಇಂಥ ‘ಚಾರಿಟಿ ಶಾಪ್’ಗಳು ಸಾವಿರಾರು. ಅಮೆರಿಕದಲ್ಲಿ ಇವುಗಳಿಗೆ ‘ಥ್ರಿಫ್ಟ್ ಸ್ಟೋರ್’ ಎಂದು ಹೆಸರು. ಕರ್ನಾಟಕದಿಂದ ಓದಲು ಹೋದ ಎಷ್ಟೋ ಹುಡುಗ ಹುಡುಗಿಯರು ಮೊದಲ ಚಳಿಗಾಲದ ಕೋಟನ್ನೂ ಬಾಡಿಗೆ ಕೋಣೆಗೆ ಬೇಕಾದ ಪಾತ್ರೆಗಳನ್ನೂ ಕೊಳ್ಳುವುದು ಇಲ್ಲಿಯೇ.

ಈ ಅಂಗಡಿಗಳ ನಿಜವಾದ ಕಸುಬು ಇರುವುದು ಸಾಮಾನು ಜೋಡಿಸುವುದರಲ್ಲಿ. ಹೊಸ ಬಟ್ಟೆಯಂಗಡಿಯಲ್ಲಿ ಒಂದೇ ಅಂಗಿ ಹತ್ತು ಅಳತೆಗಳಲ್ಲಿ ಇರುತ್ತದೆ. ಇಲ್ಲಿ ಪ್ರತಿಯೊಂದೂ ಒಂದೇ ಒಂದು. ನಾಳೆ ಯಾರು ಏನು ತಂದುಕೊಡುತ್ತಾರೋ ತಿಳಿಯದು. ತಟ್ಟೆ ಕಳೆದುಕೊಂಡ ಕಪ್ಪು, ಒಂಟಿ ಹೂದಾನಿ, ಯಾರದೋ ಮದುವೆಯ ಉಡುಪು: ಒಂದಕ್ಕೊಂದು ನಂಟಿಲ್ಲದ ಇವುಗಳನ್ನು ನಂಟಿರುವಂತೆ ಕಾಣಿಸಬೇಕು.

ಕೆಲಸ ಶುರುವಾಗುವುದು ಹಿಂದಿನ ಕೋಣೆಯಲ್ಲಿ. ಸ್ವಯಂಸೇವಕರು ಚೀಲ ಬಿಚ್ಚಿ ವಿಂಗಡಿಸುತ್ತಾರೆ. ಹರಿದದ್ದು, ಕಲೆಯಾದದ್ದು ಚಿಂದಿ ವ್ಯಾಪಾರಿಗೆ ಹೋಗುತ್ತದೆ. ಉಳಿದ ಬಟ್ಟೆಗೆ ಸ್ಟೀಮರ್ ಹಿಡಿದು ಸುಕ್ಕು ಬಿಡಿಸಿ, ಹ್ಯಾಂಗರಿಗೆ ಹಾಕಿ, ಬೆಲೆಚೀಟಿ ಕಟ್ಟುತ್ತಾರೆ. ಬ್ರಿಟನ್ನಿನಲ್ಲಿ, ಎಷ್ಟೇ ಚೆಂದವಿದ್ದರೂ ಅಗ್ನಿಸುರಕ್ಷತೆಯ ಚೀಟಿ ಇಲ್ಲದ ಸೋಫಾವನ್ನು ಮಾರಾಟಕ್ಕೆ ಇಡುವುದಿಲ್ಲ. ಕೆಲವು ವಾರ ಮಾರಾಟವಾಗದೆ ಉಳಿದದ್ದರ ಬೆಲೆ ಇಳಿಸುತ್ತಾರೆ, ಇಲ್ಲವೇ ಅದನ್ನು ಬೇರೆ ಶಾಖೆಗೆ ಕಳಿಸುತ್ತಾರೆ. ಹೀಗಾಗಿ ವಾರಕ್ಕೊಮ್ಮೆ ಬರುವವರಿಗೆ ಪ್ರತಿಸಲವೂ ಹೊಸದೇನೋ ಸಿಗುತ್ತದೆ.

ಜೋಡಣೆಯ ಮೊದಲ ಪಾಠ ಬಣ್ಣ. ಬಗೆಬಗೆಯ ಅಂಗಿಗಳನ್ನು ತಿಳಿಯಿಂದ ಗಾಢಕ್ಕೆ ಸಾಲಾಗಿ ನೇತುಹಾಕಿದರೆ ಗೊಂದಲ ಅಡಗಿ ಅಂಗಡಿಗೆ ಕಳೆ ಬರುತ್ತದೆ. ಜೊತೆ ತಪ್ಪಿದ ನೀಲಿ ಕಪ್ಪು, ನೀಲಿ ತಟ್ಟೆ, ನೀಲಿ ಗಾಜಿನ ಬಾಟಲಿ ಒಟ್ಟಿಗೆ ಕೂತರೆ ಅದೇ ಒಂದು ಸೆಟ್ಟು. ಎರಡನೆಯದು ಎತ್ತರ. ದಸರಾ ಗೊಂಬೆ ಕೂರಿಸುವ ನಮ್ಮ ಮನೆಗಳಂತೆ ಇಲ್ಲೂ ಮೆಟ್ಟಿಲು ಬೇಕು. ಹಳೆಯ ಸೂಟ್‌ಕೇಸು, ಪುಸ್ತಕದ ಅಟ್ಟಿ, ಮರದ ಪೆಟ್ಟಿಗೆಗಳೇ ಆ ಮೆಟ್ಟಿಲು. ಗಿರಾಕಿ ಕೇಳಿದರೆ ಅವೂ ಮಾರಾಟಕ್ಕೆ. ಮೂರು ಅಥವಾ ಐದರ ಗುಂಪು ಕಣ್ಣಿಗೆ ಹಿತ. ಹೆಚ್ಚು ಬೆಲೆಯದು ಕಣ್ಣಿನ ಮಟ್ಟದಲ್ಲಿ, ಆಟಿಕೆ ಮಕ್ಕಳ ಮಟ್ಟದಲ್ಲಿ, ಒಡವೆ ಗಲ್ಲಾಪೆಟ್ಟಿಗೆಯ ಪಕ್ಕದ ಗಾಜಿನೊಳಗೆ. ಎಲ್ಲಕ್ಕಿಂತ ಕಷ್ಟದ್ದು ಖಾಲಿ ಜಾಗ ಬಿಡುವುದು. ಇರುವುದನ್ನೆಲ್ಲ ತುರುಕಿದರೆ ಯಾವುದೂ ಕಾಣುವುದಿಲ್ಲ.

ಬೀದಿಗೆ ಮುಖ ಮಾಡಿದ ಗಾಜಿನ ಕಿಟಕಿಗಂತೂ ಎರಡು ಹೊಣೆ. ಅದು ಕೊಳ್ಳುವವರನ್ನು ಕರೆಯುತ್ತದೆ, ಕೊಡುವವರನ್ನೂ ಕರೆಯುತ್ತದೆ. ತನ್ನ ತಾಯಿಯ ರೇಷ್ಮೆ ಶಾಲನ್ನು ಇಲ್ಲಿ ಜೋಪಾನ ಮಾಡುತ್ತಾರೆ ಎಂಬ ನಂಬಿಕೆ ಬಂದವರು ಮಾತ್ರ ಅದನ್ನು ತಂದುಕೊಡುತ್ತಾರೆ. ಕಿಟಕಿಯ ಗೊಂಬೆ ಉಟ್ಟದ್ದನ್ನೇ ಯಾರಾದರೂ ಕೇಳಿದರೆ ಕೆಲವರು ಆಗಲೇ ಬಿಚ್ಚಿ ಕೊಟ್ಟು ಬೇರೆ ಉಡಿಸುತ್ತಾರೆ. ಇನ್ನು ಕೆಲವರು ಹೆಸರು ಬರೆದುಕೊಂಡು, ಕಿಟಕಿ ಬದಲಿಸುವ ದಿನ ಕೊಡುತ್ತಾರೆ.

ನ್ಯೂಯಾರ್ಕಿನ ಹೌಸಿಂಗ್ ವರ್ಕ್ಸ್ ಈ ಕಲೆಗೆ ಹೆಸರಾದ ಸಂಸ್ಥೆ. ಎಚ್‌ಐವಿ ಸೋಂಕಿದ್ದ ಸೂರಿಲ್ಲದವರಿಗಾಗಿ 1990ರಲ್ಲಿ ಹುಟ್ಟಿದ ಇದರ ಅಂಗಡಿಗಳು ಕಿಟಕಿಯ ಸಾಮಾನನ್ನು ಹರಾಜಿಗಿಟ್ಟು ಹಣ ಕೂಡಿಸಿವೆ. ಬ್ರಿಟನ್ನಿನಲ್ಲಿ, ಹಾರ್ವಿ ನಿಕಲ್ಸ್ ಎಂಬ ದುಬಾರಿ ಮಳಿಗೆಯ ಕಿಟಕಿಗಳಿಗೆ ರೂಪ ಕೊಟ್ಟು ಹೆಸರಾದ ಮೇರಿ ಪೋರ್ಟಾಸ್ 2009ರಲ್ಲಿ ಬಿಬಿಸಿ ಸರಣಿಯೊಂದಕ್ಕಾಗಿ ಚಾರಿಟಿ ಅಂಗಡಿಯನ್ನು ತಿದ್ದಲು ನಿಂತರು. ಮುಂದೆ ಸೇವ್ ದಿ ಚಿಲ್ಡ್ರನ್ ಸಂಸ್ಥೆಯೊಡನೆ ಸೇರಿ ಅವರ ಹೆಸರಿನಲ್ಲೇ ಅಂಗಡಿಗಳು ತೆರೆದವು.

ಇದೆಲ್ಲ ಬರೀ ವ್ಯಾಪಾರದ ಜಾಣ್ಮೆಯಲ್ಲ. ಗುಡ್ಡೆ ಹಾಕಿದ ಬಟ್ಟೆಯಲ್ಲಿ ಕೈಯಾಡಿಸಿ ಹುಡುಕುವವರಿಗೆ ತಮ್ಮ ಬಡತನ ಎದ್ದು ಕಾಣುತ್ತದೆ. ಅದೇ ಬಟ್ಟೆಯನ್ನು ಇಸ್ತ್ರಿ ಮಾಡಿ, ಕನ್ನಡಿಯ ಪಕ್ಕ ನೇತುಹಾಕಿದರೆ ಬಂದವರು ಆರಿಸಿ, ತೊಟ್ಟು ನೋಡಿ, ಬೇಡವೆಂದರೆ ಬೇಡವೆನ್ನುವ ಗಿರಾಕಿಯಾಗುತ್ತಾರೆ. ಭಾರತದಲ್ಲಿ ಅಂಶು ಗುಪ್ತಾ 1999ರಲ್ಲಿ ಕಟ್ಟಿದ ಗೂಂಜ್ ಸಂಸ್ಥೆ ನಂಬಿದ್ದೂ ಇದನ್ನೇ. ಅಲ್ಲಿ ಬಟ್ಟೆ ಭಿಕ್ಷೆಯಲ್ಲ, ಊರಿನ ಬಾವಿ, ರಸ್ತೆಗಳಿಗೆ ದುಡಿದವರಿಗೆ ಸಲ್ಲುವ ಪ್ರತಿಫಲ.

ನಮ್ಮ ಬಡಾವಣೆಗಳಲ್ಲೂ ಹಳೆ ಬಟ್ಟೆ, ಪುಸ್ತಕ ಸಂಗ್ರಹಿಸುವ ಉತ್ಸಾಹಿಗಳಿದ್ದಾರೆ. ಸಂಗ್ರಹಕ್ಕೆ ಪಡುವಷ್ಟೇ ಶ್ರಮವನ್ನು ವಿಂಗಡಿಸಿ ಜೋಡಿಸುವುದಕ್ಕೂ ಅವರು ಪಡಬೇಕು. ಒಂದು ಮೇಜು, ಹತ್ತಾರು ಹ್ಯಾಂಗರು, ಒಂದು ಇಸ್ತ್ರಿಪೆಟ್ಟಿಗೆ, ಒಂದು ಕನ್ನಡಿ ಇದ್ದರೆ ಸಾಕು. ಸಮುದಾಯ ಭವನದ ಒಂದು ಮೂಲೆಯಲ್ಲೇ ಈ ಕೆಲಸ ಶುರುಮಾಡಬಹುದು.