ಪಹಣಿಗೆ ಮುನ್ನ ಒಂದು ಪುಟ್ಟ ಕಿಟಕಿ

ಪಹಣಿಗಾಗಿ ತಾಲ್ಲೂಕು ಕಚೇರಿಗೆ ಹೋದ ರೈತನ ಕಣ್ಣು ಪ್ರಿಂಟರಿನಿಂದ ಹೊರಬರುವ ಕಾಗದದ ಮೇಲೆಯೇ ಇರುತ್ತದೆ. ಸರ್ವೆ ನಂಬರು ಸರಿಯಿದೆಯೇ, ಎಕರೆ-ಗುಂಟೆ ಸರಿಯಿದೆಯೇ, ಒಂಬತ್ತನೆಯ ಕಲಮಿನಲ್ಲಿ ತನ್ನ ಹೆಸರೇ ಇದೆಯೇ, ತೀರಿಸಿದ ಸಾಲ ಹನ್ನೊಂದನೆಯ ಕಲಮಿನಲ್ಲಿ ಇನ್ನೂ ಕುಳಿತಿದೆಯೇ ಎಂಬುದೇ ಅವನ ಚಿಂತೆ. ಹುಣಸೂರು, ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬೆಳೆಗಾರನಿರಲಿ, ಕೆ.ಆರ್. ನಗರದ ಭತ್ತದ ಬೆಳೆಗಾರನಿರಲಿ, ಎಚ್.ಡಿ. ಕೋಟೆಯ ಹತ್ತಿ ಬೆಳೆಗಾರನಿರಲಿ, ಬ್ಯಾಂಕಿನ ಬೆಳೆಸಾಲಕ್ಕೂ ಮಗಳ ಮದುವೆಗೆಂದು ಗುಂಟೆ ಮಾರುವುದಕ್ಕೂ ಆ ಕಾಗದವೇ ಆಧಾರ. ಆದರೆ ಆ ಕಾಗದ ಹೊರಬರುವುದಕ್ಕೆ ಮೊದಲು, ದಿನದ ಕೆಲಸ ಆರಂಭವಾಗುವಾಗಲೇ, ನೌಕರರ ಗಣಕಯಂತ್ರದ ತೆರೆಯ ಮೇಲೆ ಪುಟ್ಟದೊಂದು ಕಿಟಕಿ ಮೂಡಿ ಮರೆಯಾಗಿರುತ್ತದೆ. ಅದರಲ್ಲಿ ಸರ್ವೆ ನಂಬರೂ ಇಲ್ಲ, ಬೆಳೆಯೂ ಇಲ್ಲ. ‘ನೀವು ಯಾರು?’ ಎಂಬ ಒಂದೇ ಪ್ರಶ್ನೆ. ಗಣಕ ಪ್ರೋಗ್ರಾಂ ಬರೆಯುವವರು ಇದನ್ನು ಲಾಗಿನ್ ಫಾರ್ಮ್ ಎನ್ನುತ್ತಾರೆ.

ಕಾಲೇಜಿನ ಪ್ರಾಜೆಕ್ಟ್‌ಗಳಲ್ಲಿ ಬಹಳಷ್ಟು ವಿದ್ಯಾರ್ಥಿಗಳು ಈ ಕಿಟಕಿಯನ್ನು ಅಲಂಕಾರವೆಂದೇ ತಿಳಿದಿದ್ದಾರೆ. ಮದುವೆಮನೆಯ ಚಪ್ಪರಕ್ಕೆ ಬಾಳೆಕಂದು ಕಟ್ಟುವಂತೆ, ಇರಲಿ ಒಂದು ಎಂದು ಕಟ್ಟುತ್ತಾರೆ. ಅದರ ನಿಜವಾದ ಕೆಲಸವೇನೆಂದು ತಿಳಿಯಲು ಬೇರೆಲ್ಲೂ ಹೋಗಬೇಕಾಗಿಲ್ಲ. ತಾಲ್ಲೂಕು ಕಚೇರಿಯ ಪಹಣಿ ಕೌಂಟರೇ ಸಾಕು.

ಅಕ್ಷರಕ್ಕೆ ಗುರುತು ಬೇಕು

ಪಹಣಿ ಹಿಂದೆ ಕೈಬರಹದ ದಾಖಲೆಯಾಗಿತ್ತು. ರಾಜ್ಯದ ಸುಮಾರು 9 ಸಾವಿರ ಗ್ರಾಮ ಲೆಕ್ಕಿಗರ ವಶದಲ್ಲಿ ಆ ಪುಸ್ತಕಗಳಿರುತ್ತಿದ್ದವು. ಪ್ರತಿಯೊಂದು ಬೇಕಾದರೆ ಲೆಕ್ಕಿಗರನ್ನು ಹುಡುಕಿಕೊಂಡು ಹೋಗಬೇಕು. ಅವರು ಸಿಕ್ಕರೆ ಪುಣ್ಯ. ಈ ಪದ್ಧತಿಯ ಕಷ್ಟನಷ್ಟಗಳನ್ನು ಮನೆಯ ಹಿರಿಯರನ್ನು ಕೇಳಿದರೆ ಸಾಕು, ಒಂದು ಸಂಜೆಗಾಗುವಷ್ಟು ಹೇಳಿಯಾರು. ಆದರೂ ಕೈಬರಹಕ್ಕೊಂದು ಗುಣವಿತ್ತು. ಯಾರ ಅಕ್ಷರ ಎಂಬುದು ನೋಡಿದೊಡನೆ ತಿಳಿಯುತ್ತಿತ್ತು. ಒಂದು ಹೆಸರನ್ನು ಹೊಡೆದುಹಾಕಿ ಮೇಲೆ ಇನ್ನೊಂದನ್ನು ಬರೆದಿದ್ದರೆ, ಶಾಯಿಯ ಬಣ್ಣ, ಅಕ್ಷರದ ಓರೆ, ಬದಿಯ ಚಿಕ್ಕ ಸಹಿ ಎಲ್ಲವೂ ಸಾಕ್ಷಿ ನುಡಿಯುತ್ತಿದ್ದವು.

ಕರ್ನಾಟಕದ ಕಂದಾಯ ಇಲಾಖೆಯು ಎನ್‌ಐಸಿ ಎಂದು ಹೆಸರಾದ ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರದ ನೆರವಿನಿಂದ ‘ಭೂಮಿ’ ಯೋಜನೆಯನ್ನು ಜಾರಿಗೆ ತಂದಾಗ, ಸುಮಾರು 67 ಲಕ್ಷ ಭೂಮಾಲೀಕರ 2 ಕೋಟಿಯಷ್ಟು ಪಹಣಿಗಳು ಗಣಕಯಂತ್ರ ಸೇರಿದವು. 2001ರಿಂದ ಒಂದೊಂದಾಗಿ ರಾಜ್ಯದ ತಾಲ್ಲೂಕು ಕಚೇರಿಗಳಲ್ಲಿ ಪಹಣಿ ಕೌಂಟರುಗಳು ತೆರೆದವು. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಈ ಕೆಲಸದ ಮುಂಚೂಣಿಯಲ್ಲಿದ್ದರು. ಆಗ 15 ರೂಪಾಯಿ ಕೊಟ್ಟರೆ ಕೌಂಟರಿನಲ್ಲೇ ಪಹಣಿ ಸಿಗುತ್ತಿತ್ತು. ಕೌಂಟರು ತೆರೆದ ತಾಲ್ಲೂಕಿನಲ್ಲಿ ಕೈಬರಹದ ಪಹಣಿಗೆ ಮಾನ್ಯತೆ ಇಲ್ಲ. ನೌಕರ ಏನು ಮಾಡುತ್ತಿದ್ದಾನೆಂದು ಕಾಣಲು ರೈತನ ಕಡೆಗೂ ಮುಖಮಾಡಿದ ಇನ್ನೊಂದು ತೆರೆ.

ಇಲ್ಲಿಯೇ ಹೊಸ ತೊಡಕೊಂದು ಹುಟ್ಟಿತು. ಗಣಕಯಂತ್ರದ ಅಕ್ಷರಕ್ಕೆ ಓರೆಯಿಲ್ಲ, ಶಾಯಿಯಿಲ್ಲ. ತಹಶೀಲ್ದಾರರು ಒತ್ತಿದರೂ ‘ಕ’ ಒಂದೇ, ದಾರಿಹೋಕ ಒತ್ತಿದರೂ ‘ಕ’ ಒಂದೇ. ರಾಮೇಗೌಡ ಎಂಬ ಹೆಸರು ಅಳಿದು ಭೀಮೇಗೌಡ ಎಂದಾದರೆ, ಅಳಿಸಿದ ಗುರುತು ಕೂಡ ಕಾಗದದಲ್ಲಿ ಉಳಿಯುವುದಿಲ್ಲ. ಕೈಬರಹದಲ್ಲಿ ತಾನಾಗಿಯೇ ಬರುತ್ತಿದ್ದ ‘ಯಾರು ಬರೆದರು’ ಎಂಬ ಉತ್ತರವನ್ನು ಗಣಕಯಂತ್ರದಲ್ಲಿ ಬೇರೆಯಾಗಿಯೇ ಕೇಳಿ ಪಡೆಯಬೇಕು. ಲಾಗಿನ್ ಕಿಟಕಿಯ ಹುಟ್ಟಿಗೆ ಇದೇ ಕಾರಣ. ಕಳ್ಳನನ್ನು ಹೊರಗಿಡುವುದು ಅದರ ಅರ್ಧ ಕೆಲಸ ಮಾತ್ರ. ಒಳಗೆ ಬಂದವನು ಮಾಡಿದ್ದಕ್ಕೆಲ್ಲ ಅವನ ಹೆಸರನ್ನು ಅಂಟಿಸುವುದು ಉಳಿದರ್ಧ. ಈ ಎರಡನೆಯ ಅರ್ಧವೇ ಹೆಚ್ಚು ಮುಖ್ಯವಾದದ್ದು.

‘ಭೂಮಿ’ಯಲ್ಲಿ ಪಾಸ್‌ವರ್ಡ್ ಸಾಲದೆಂದು ಬೆರಳಚ್ಚನ್ನೇ ಕೇಳುವ ವ್ಯವಸ್ಥೆ ಮಾಡಿದರು. ನೌಕರ ಪುಟ್ಟ ಉಪಕರಣದ ಮೇಲೆ ಬೆರಳಿಟ್ಟು, ಅದು ಮೊದಲೇ ದಾಖಲಾದ ಬೆರಳಿಗೆ ಹೊಂದಿದರೆ ಮಾತ್ರ ಮುಂದಿನ ತೆರೆ. ಅಲ್ಲಿಂದ ಮುಂದೆ ನಡೆದ ವಹಿವಾಟುಗಳೆಲ್ಲ ಆ ಬೆರಳಿನ ಲೆಕ್ಕಕ್ಕೆ. ಖಾತೆ ಬದಲಾವಣೆಯಂತಹ ಕೆಲಸದಲ್ಲಿ ನಮೂದಿಸುವವರು ಒಬ್ಬರು, ಪರಿಶೀಲಿಸಿ ಒಪ್ಪುವವರು ಮತ್ತೊಬ್ಬರು. ಎರಡು ಬೆರಳು ಬಿದ್ದ ಹೊರತು ರೈತನ ಹೆಸರು ಬದಲಾಗದು.

ಪಾಸ್‌ವರ್ಡ್ ಏಕೆ ಸಾಲದು? ತರಗತಿಯ ಹಾಜರಿಯನ್ನು ನೆನಪಿಸಿಕೊಳ್ಳಿ. ಹಿಂದಿನ ಬೆಂಚಿನ ಗೆಳೆಯ ಬಾರದ ದಿನ ಅವನ ನಂಬರಿಗೆ ಇನ್ನೊಬ್ಬ ದನಿ ಬದಲಿಸಿ ‘ಹಾಜರ್ ಸಾರ್’ ಎನ್ನುವುದುಂಟಲ್ಲ, ಪಾಸ್‌ವರ್ಡ್ ಹಂಚಿಕೊಳ್ಳುವುದೂ ಅದೇ. ರಜೆಯ ಮೇಲಿರುವವರ ಪಾಸ್‌ವರ್ಡಿನಲ್ಲಿ ಪಕ್ಕದ ಮೇಜಿನವರು ಕೆಲಸ ಮುಗಿಸಿದರೆ, ಕಡತದ ಪ್ರಕಾರ ಕೆಲಸ ಮಾಡಿದವರು ರಜೆಯಲ್ಲಿದ್ದವರೇ! ನಾಳೆ ತಕರಾರು ಬಂದರೆ ಉತ್ತರಿಸಬೇಕಾದವರೂ ಅವರೇ. ಬೆರಳನ್ನು ಹಾಗೆ ಕೈಗಡ ಕೊಡಲಾಗದು.

ಜಗಲಿ ಮೊದಲು, ನಡುಮನೆ ಆಮೇಲೆ

ಮೈಸೂರು ಸೀಮೆಯ ಹಳೆಯ ಮನೆಗಳಲ್ಲಿ ಬಂದವರನ್ನು ಜಗಲಿಯಲ್ಲೇ ‘ಯಾರು, ಯಾವೂರು’ ಎಂದು ವಿಚಾರಿಸಿ ಆನಂತರ ನಡುಮನೆಗೆ ಕರೆಯುತ್ತಿದ್ದರು. ಲಾಗಿನ್ ಕಿಟಕಿ ಜಗಲಿ. ಮುಖ್ಯ ಫಾರ್ಮ್ ನಡುಮನೆ. ಬಿಸಿಎ, ಡಿಪ್ಲೊಮಾ ಪ್ರಾಜೆಕ್ಟ್‌ಗಳಲ್ಲಿ ಕಾಣುವ ಮೊದಲ ಎಡವಟ್ಟು ಎಂದರೆ, ನಡುಮನೆಗೆ ಕರೆತಂದು ಕೂರಿಸಿ ಆಮೇಲೆ ‘ಯಾರು’ ಎಂದು ಕೇಳುವುದು. ಮುಖ್ಯ ಫಾರ್ಮ್ ತೆರೆದು ಅದರ ಮೇಲೆ ಲಾಗಿನ್ ಕಿಟಕಿಯನ್ನು ಹೊದಿಸುತ್ತಾರೆ. ಆದರೆ ಮುಖ್ಯ ಫಾರ್ಮ್ ತೆರೆಯುವಾಗಲೇ ಕಡತದಿಂದ ಹೆಸರು, ಅಂಕ, ಬಾಕಿ ಎಲ್ಲವನ್ನೂ ತಂದು ತುಂಬಿಕೊಂಡಿರುತ್ತದೆ. ಪ್ರಶ್ನೆ ಕೇಳುವ ವೇಳೆಗೆ ಹಿಂದೆ ಎಲ್ಲವೂ ಬಟಾಬಯಲು.

ಎರಡನೆಯ ಎಡವಟ್ಟು ಇನ್ನೂ ಸ್ವಾರಸ್ಯಕರ. ವಿಂಡೋಸ್‌ನ ಡಾಟ್ ನೆಟ್ ಪ್ರೋಗ್ರಾಂಗಳಲ್ಲಿ, ಸಾಮಾನ್ಯವಾಗಿ ಮೊದಲು ಓಡಿಸಿದ ಫಾರ್ಮಿನ ಜೊತೆಗೇ ಪ್ರೋಗ್ರಾಮಿನ ಆಯುಸ್ಸೂ ಗಂಟುಬಿದ್ದಿರುತ್ತದೆ. ಲಾಗಿನ್ ಫಾರ್ಮನ್ನೇ ಮೊದಲ ಫಾರ್ಮ್ ಮಾಡಿ, ಪಾಸ್‌ವರ್ಡ್ ಸರಿಯಾದೊಡನೆ ಅದನ್ನು ಮುಚ್ಚಿದರೆ, ಇಡೀ ಪ್ರೋಗ್ರಾಮೇ ಮುಚ್ಚಿಹೋಗುತ್ತದೆ. ವಿದ್ಯಾರ್ಥಿ ಗಾಬರಿಯಾಗಿ, ಮುಚ್ಚುವ ಬದಲು ಅದನ್ನು ಮರೆಮಾಡುತ್ತಾನೆ. ಈಗ ಮುಖ್ಯ ಫಾರ್ಮ್ ಬರುತ್ತದೆ, ಕೆಲಸವೂ ನಡೆಯುತ್ತದೆ, ಸಂತೋಷ. ಕೆಲಸ ಮುಗಿಸಿ ಮೂಲೆಯ ಗುಣಿಸು ಚಿಹ್ನೆ ಒತ್ತಿದರೆ ತೆರೆ ಖಾಲಿಯಾಗುತ್ತದೆ. ಪ್ರೋಗ್ರಾಂ ಮಾತ್ರ ಸತ್ತಿರುವುದಿಲ್ಲ. ಮರೆಯಲ್ಲಿರುವ ಲಾಗಿನ್ ಫಾರ್ಮ್ ಅದರ ಜೀವ ಹಿಡಿದುಕೊಂಡಿರುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ, ಬೆಳಗಿನಿಂದ ಎಷ್ಟು ಸಲ ತೆರೆದು ಮುಚ್ಚಿದ್ದರೋ ಅಷ್ಟು ದೆವ್ವಗಳು ಸಾಲಾಗಿ ಕುಳಿತಿರುತ್ತವೆ.

ಸರಿಯಾದ ಕ್ರಮ ಸರಳ. ಪ್ರೋಗ್ರಾಂ ಶುರುವಾಗುವ ಜಾಗ ಯಾವ ಫಾರ್ಮಿಗೂ ಸೇರದ ಒಂದು ಪುಟ್ಟ ಅಂಗಳ. ವಿಷುಯಲ್ ಬೇಸಿಕ್‌ನಲ್ಲಿ ಅದನ್ನು ‘ಸಬ್ ಮೈನ್’ ಎನ್ನುತ್ತಿದ್ದರು. ಸಿ ಶಾರ್ಪ್‌ನಲ್ಲಿ ‘ಮೈನ್’. ಅಲ್ಲಿ ಮೊದಲು ಲಾಗಿನ್ ಫಾರ್ಮನ್ನು ‘ಮೋಡಲ್’ ಆಗಿ, ಅಂದರೆ ಉತ್ತರ ಬರುವವರೆಗೆ ಮುಂದಿನ ಸಾಲಿಗೆ ಹೋಗದಂತೆ ತೋರಿಸಬೇಕು. ಬಾಗಿಲಿಗೆ ಕೈ ಅಡ್ಡವಿಟ್ಟು ನಿಂತ ಕಾವಲುಗಾರನಂತೆ ಅದು ಎಲ್ಲವನ್ನೂ ತಡೆದು ನಿಲ್ಲಿಸುತ್ತದೆ. ಮುಚ್ಚುವಾಗ ‘ಸರಿ’ ಅಥವಾ ‘ಬೇಡ’ ಎಂಬ ಫಲಿತಾಂಶವನ್ನೂ, ಬಂದವರು ಯಾರೆಂಬುದನ್ನೂ ಅಂಗಳಕ್ಕೆ ಒಪ್ಪಿಸುತ್ತದೆ. ‘ಸರಿ’ ಎಂದಾದರೆ ಮಾತ್ರ ಮುಖ್ಯ ಫಾರ್ಮ್ ಹುಟ್ಟಬೇಕು, ಪ್ರೋಗ್ರಾಮಿನ ಆಯುಸ್ಸು ಅದಕ್ಕೆ ಗಂಟುಬೀಳಬೇಕು. ‘ಬೇಡ’ ಎಂದಾದರೆ ಅಲ್ಲಿಗೇ ಮುಗಿಯಿತು.

ಬಂದವರು ಯಾರೆಂಬುದನ್ನು ಮುಖ್ಯ ಫಾರ್ಮಿಗೆ ಹೇಳಿ ಕಳುಹಿಸುವ ಈ ಹೆಜ್ಜೆಯನ್ನೇ ಹೆಚ್ಚಿನವರು ಬಿಟ್ಟುಬಿಡುವುದು. ಪಾಸ್‌ವರ್ಡ್ ಸರಿಯೆಂದು ತಿಳಿದ ಕೂಡಲೇ ಹೆಸರನ್ನು ಮರೆತು ಬಾಗಿಲು ತೆಗೆಯುತ್ತಾರೆ. ಆಮೇಲೆ ಶುಲ್ಕದ ಬಾಕಿಯನ್ನು ಯಾರು ಸೊನ್ನೆ ಮಾಡಿದರು ಎಂದು ಕೇಳಿದರೆ ಪ್ರೋಗ್ರಾಂ ಮೂಕವಾಗುತ್ತದೆ. ಬದಲಾದ ಪ್ರತಿ ದಾಖಲೆಯ ಪಕ್ಕದಲ್ಲಿ ಬದಲಿಸಿದವರ ಹೆಸರು, ದಿನಾಂಕ, ವೇಳೆ ಇಷ್ಟು ಬರೆದಿಟ್ಟರೆ ಕಿಟಕಿ ಸಾರ್ಥಕ.

ಬೀಸಿದ ಹಿಟ್ಟು

ಪಾಸ್‌ವರ್ಡನ್ನು ಎಲ್ಲಿಡಬೇಕು? ‘ಅಡ್ಮಿನ್’ ಎಂಬ ಹೆಸರಿಗೆ ‘ಅಡ್ಮಿನ್’ ಎಂಬುದೇ ಪಾಸ್‌ವರ್ಡ್ ಎಂದು ಪ್ರೋಗ್ರಾಮಿನೊಳಗೇ ಬರೆದಿಡುವವರು ಇಂದಿಗೂ ಇದ್ದಾರೆ. ಕಡತದಲ್ಲಿ ಇದ್ದದ್ದು ಇದ್ದಂತೆಯೇ ಬರೆದಿಡುವವರು ಇನ್ನೂ ಹೆಚ್ಚು. ಇದರ ಅಪಾಯ ಜಗತ್ತಿಗೆ ತಿಳಿದು ಬಹಳ ಕಾಲವಾಯಿತು. ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು 1961ರಲ್ಲಿ ಪ್ರದರ್ಶಿಸಿದ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯಲ್ಲಿ ಒಂದೇ ಗಣಕಯಂತ್ರವನ್ನು ಅನೇಕರು ಹಂಚಿಕೊಳ್ಳುತ್ತಿದ್ದುದರಿಂದ ಅಲ್ಲಿ ಪಾಸ್‌ವರ್ಡ್ ಬಳಕೆಗೆ ಬಂತು. 1966ರಲ್ಲಿ ಅಲ್ಲಿ ನಡೆದ ಪ್ರಸಂಗ ನಗು ತರಿಸುವಂಥದ್ದು. ಒಬ್ಬರು ಪಾಸ್‌ವರ್ಡುಗಳ ಕಡತವನ್ನೂ, ಇನ್ನೊಬ್ಬರು ಎಲ್ಲರಿಗೂ ತೋರಿಸುವ ದಿನದ ಸಂದೇಶವನ್ನೂ ಏಕಕಾಲದಲ್ಲಿ ತಿದ್ದುತ್ತಿದ್ದರು. ತಿದ್ದುವ ಪ್ರೋಗ್ರಾಂ ಎರಡಕ್ಕೂ ಒಂದೇ ಹೆಸರಿನ ತಾತ್ಕಾಲಿಕ ಕಡತ ಬಳಸಿದ್ದರಿಂದ ಎರಡೂ ಅದಲುಬದಲಾದವು. ಅನಂತರ ಲಾಗಿನ್ ಆದ ಪ್ರತಿಯೊಬ್ಬರಿಗೂ ಸ್ವಾಗತ ಸಂದೇಶದ ಜಾಗದಲ್ಲಿ ಎಲ್ಲರ ಪಾಸ್‌ವರ್ಡುಗಳು ಕಾಣಿಸಿಕೊಂಡವು!

ಇದಕ್ಕೆ ಪರಿಹಾರವನ್ನು ರಾಗಿ ಬೀಸುವವರು ಸುಲಭವಾಗಿ ಅರ್ಥಮಾಡಿಕೊಂಡಾರು. ರಾಗಿಯನ್ನು ಬೀಸಿದರೆ ಹಿಟ್ಟು. ಹಿಟ್ಟಿನಿಂದ ಮತ್ತೆ ರಾಗಿ ಬಾರದು. ಪಾಸ್‌ವರ್ಡನ್ನೂ ಗಣಿತದ ಬೀಸುಕಲ್ಲಿಗೆ ಹಾಕಿ ಹಿಟ್ಟನ್ನಷ್ಟೇ ಕಡತದಲ್ಲಿಡುತ್ತಾರೆ. ಮರುದಿನ ಬಂದವರು ಕೊಟ್ಟ ಪಾಸ್‌ವರ್ಡನ್ನೂ ಬೀಸಿ ಎರಡು ಹಿಟ್ಟುಗಳನ್ನು ಹೋಲಿಸುತ್ತಾರೆ. ಇಬ್ಬರ ಪಾಸ್‌ವರ್ಡ್ ಒಂದೇ ಆಗಿದ್ದರೂ ಹಿಟ್ಟು ಬೇರೆಯಾಗಲೆಂದು ಪ್ರತಿಯೊಬ್ಬರದಕ್ಕೂ ಬೇರೆ ಬೇರೆ ಚಿಟಿಕೆ ಸೇರಿಸುತ್ತಾರೆ. ಅದಕ್ಕೆ ಇಂಗ್ಲಿಷಿನಲ್ಲಿಯೂ ಉಪ್ಪು, ‘ಸಾಲ್ಟ್’ ಎಂದೇ ಹೆಸರು. ರಾಬರ್ಟ್ ಮಾರಿಸ್ ಮತ್ತು ಕೆನ್ ಥಾಂಪ್ಸನ್ 1979ರ ತಮ್ಮ ಲೇಖನದಲ್ಲಿ ಇದನ್ನು ವಿವರಿಸಿದ್ದಾರೆ. ಅದಕ್ಕೆ ಬೇಕಾದ ಬೀಸುಕಲ್ಲುಗಳು ಈಗ ಎಲ್ಲ ಭಾಷೆಗಳಲ್ಲೂ ಸಿದ್ಧವಾಗಿ ದೊರೆಯುವುದರಿಂದ ಹೊಸದನ್ನು ಕೆತ್ತಲು ಹೋಗಬಾರದು.

ಇಷ್ಟೆಲ್ಲ ಮಾಡಿ ಹಿತ್ತಿಲ ಬಾಗಿಲನ್ನು ತೆರೆದಿಟ್ಟರೆ? ಅದೂ ಸಾಮಾನ್ಯ. ಮುಂದೆ ಚಂದದ ಲಾಗಿನ್ ಕಿಟಕಿ. ಅದೇ ಫೋಲ್ಡರಿನಲ್ಲಿ ಆಕ್ಸೆಸ್ ಕಡತ. ಎರಡು ಸಲ ಕ್ಲಿಕ್ ಮಾಡಿದರೆ ಲಾಗಿನ್‌ನ ಹಂಗಿಲ್ಲದೆ ಎಲ್ಲವೂ ಕಣ್ಮುಂದೆ. ಇನ್ನು ಕೆಲವರು ಬಳಕೆದಾರ ಒತ್ತಿದ ಅಕ್ಷರಗಳನ್ನು ಪರೀಕ್ಷಿಸದೆ ನೇರವಾಗಿ ಎಸ್‌ಕ್ಯೂಎಲ್ ವಾಕ್ಯದೊಳಗೆ ಹೆಣೆಯುತ್ತಾರೆ. ಹೆಸರಿನ ಜಾಗದಲ್ಲಿ ‘ಅಥವಾ ಒಂದು ಒಂದಕ್ಕೆ ಸಮ’ ಎಂಬರ್ಥದ ತುಣುಕನ್ನು ಒತ್ತಿದವನಿಗೆ ಬಾಗಿಲು ತಾನಾಗಿ ತೆರೆಯುತ್ತದೆ, ಏಕೆಂದರೆ ಒಂದು ಒಂದಕ್ಕೆ ಯಾವಾಗಲೂ ಸಮವೇ. ಪ್ರಾಜೆಕ್ಟ್ ಒಪ್ಪಿಸುವ ಮುನ್ನ ವಿದ್ಯಾರ್ಥಿಗಳು ಈ ಎರಡನ್ನು ತಾವೇ ಪರೀಕ್ಷಿಸಿ ನೋಡಲಿ. ಪರೀಕ್ಷಕರು ನೋಡದೆ ಬಿಡುವುದಿಲ್ಲ. ಕಾಫಿಗೆಂದು ಎದ್ದುಹೋದವರ ತೆರೆ ಕೆಲವು ನಿಮಿಷಗಳ ನಂತರ ತಾನಾಗಿ ಬೀಗ ಹಾಕಿಕೊಳ್ಳುವಂತೆಯೂ ಮಾಡಬೇಕು.

ಬೆರಳಿಗೂ ಮಿತಿಯುಂಟು

ಬೆರಳಚ್ಚಿದ್ದರೆ ಚಿಂತೆಯೇ ಇಲ್ಲ ಎಂದು ತಂದೆತಾಯಿಗಳು ಭಾವಿಸಬೇಕಾಗಿಲ್ಲ. ಪಾಸ್‌ವರ್ಡ್ ಬಯಲಾದರೆ ಬದಲಿಸಬಹುದು, ಬೆರಳನ್ನು ಬದಲಿಸಲಾಗದು. ಆಸ್ತಿ ನೋಂದಣಿ ಪತ್ರಗಳಲ್ಲಿದ್ದ ಬೆರಳಚ್ಚುಗಳನ್ನು ನಕಲು ಮಾಡಿ, ಆಧಾರ್ ಮೂಲಕ ಹಣ ಪಾವತಿಸುವ ವ್ಯವಸ್ಥೆಯಲ್ಲಿ ಬ್ಯಾಂಕ್ ಖಾತೆಗಳಿಂದ ಹಣ ತೆಗೆದಿದ್ದಾರೆಂಬ ದೂರುಗಳು 2023ರಲ್ಲಿ ನಮ್ಮ ರಾಜ್ಯದಲ್ಲಿಯೇ ಕೇಳಿಬಂದವು. ತಾಲ್ಲೂಕು ಕಚೇರಿಯ ಬೆರಳಿಗೂ ಇದಕ್ಕೂ ಒಂದು ವ್ಯತ್ಯಾಸವಿದೆ. ಅಲ್ಲಿ ನೌಕರ ಎಲ್ಲರ ಕಣ್ಣೆದುರು ಕುಳಿತಿರುತ್ತಾನೆ, ಅವನ ಬೆರಳಿನ ಜೊತೆಗೆ ಅವನೂ ಇರುತ್ತಾನೆ. ದೂರದಲ್ಲೆಲ್ಲೋ ಇಟ್ಟ ಬೆರಳು ನಿಜವಾದದ್ದೋ ನಕಲೋ ಎಂದು ನೋಡುವವರು ಯಾರೂ ಇಲ್ಲ.

ಈಗ ಪಹಣಿಯನ್ನು ಮೊಬೈಲಿನಲ್ಲೇ ನೋಡಬಹುದಾದ್ದರಿಂದ, ಲಾಗಿನ್ ಕಿಟಕಿ ರೈತರ ಕೈಗೇ ಬಂದಿದೆ. ಒಟಿಪಿ ಎಂಬ ಆರಂಕಿಯ ಸಂಖ್ಯೆ ಬಂದೊಡನೆ ಪಕ್ಕದಲ್ಲಿದ್ದವರಿಗೆ ಓದಿ ಹೇಳುವ ರೂಢಿ ಅನೇಕ ಮನೆಗಳಲ್ಲಿದೆ. ಅದೂ ಒಂದು ಸಹಿಯೇ. ಖಾಲಿ ಕಾಗದಕ್ಕೆ ಸಹಿ ಹಾಕಲು ಹಿಂಜರಿಯುವ ಹಿರಿಯರು ಒಟಿಪಿ ಹೇಳುವಾಗ ಹಿಂಜರಿಯದಿರುವುದು ವಿಚಿತ್ರ. ಆಧಾರ್‌ನ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯ ಎಂ-ಆಧಾರ್ ಆ್ಯಪ್‌ನಲ್ಲಿದೆ. ಓದುವ ಮಕ್ಕಳು ಇದನ್ನು ಮನೆಯವರಿಗೆ ಕೆಲವೇ ನಿಮಿಷಗಳಲ್ಲಿ ಮಾಡಿಕೊಡಬಹುದು. ಬೇಕಾದಾಗ ಬೀಗ ತೆಗೆಯಲೂ ಬರುತ್ತದೆ. ಬೀಗ ಹಾಕಿದ್ದರೆ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳು ಹೊಂದುವುದಿಲ್ಲ ಎಂಬುದನ್ನು ಮಾತ್ರ ಅಜ್ಜಿಗೆ ಮೊದಲೇ ಹೇಳಿಟ್ಟಿರಬೇಕು.