ಲಾರಿ ಪೇಂಟ್ ಬೇರೆ, ಗ್ಲೈಡರ್ ಪೇಂಟ್ ಬೇರೆ

ಬಸವಕಲ್ಯಾಣದ ಆಟೋನಗರದಾಗ ಹಳೇ ಲಾರಿ ಹೊಸದಾಗೋದು ನೋಡಿರ್ತೀರಿ. ಉಜ್ಜು, ಪುಟ್ಟಿ ಮೆತ್ತು, ಸ್ಪ್ರೇ ಹೊಡಿ. ಇದೇ ಕೆಲಸ ಫೈಬರ್‌ಗ್ಲಾಸ್ ಗ್ಲೈಡರ್‌ಗೆ ಮಾಡಿದರೆ? ಜೀವಕ್ಕೆ ಕುತ್ತು.

ಗ್ಲೈಡರ್ ಅಂದ್ರೆ ಎಂಜಿನ್ ಇಲ್ಲದ ವಿಮಾನ. ಹುಮನಾಬಾದಿನಿಂದ ಹೆದ್ದಾರಿ 65 ಹಿಡಿದು ಪಶ್ಚಿಮಕ್ಕೆ ಹೊರಟರೆ, ಪುಣೆ ಮುಟ್ಟೋ ಹೊತ್ತಿಗೆ ಹಡಪ್ಸರ್. ಅಲ್ಲಿದೆ ಗ್ಲೈಡಿಂಗ್ ಸೆಂಟರ್. 1957ರಲ್ಲಿ ಜರ್ಮನಿಯ ‘ಫೀನಿಕ್ಸ್’ ಅನ್ನೋ ಗ್ಲೈಡರ್ ಹಾರಿದ ಮೇಲೆ ಇವುಗಳ ಮೈಗೆ ಕಟ್ಟಿಗೆ ಹೋಗಿ ಫೈಬರ್‌ಗ್ಲಾಸ್ ಬಂತು.

ಮೇಲೆ ಕಾಣೋ ಆ ಬಿಳುಪು ಜೆಲ್‌ಕೋಟ್. ಒಳಗೆ ಎಪಾಕ್ಸಿ ಕುಡಿಸಿದ ಗಾಜಿನ ನಾರಿನ ಬಟ್ಟೆ. ನೆಲದ ಬಿಸಿಲು, ಎತ್ತರದ ಚಳಿ, ಎರಡೂ ತಿಂದು ಜೆಲ್‌ಕೋಟ್ ಬಿರಿಯುತ್ತದೆ. ಬಿರುಕಿನೊಳಗೆ ನೀರು ಇಳಿಯುತ್ತದೆ. ಅದಕ್ಕೇ ಹಳೇ ಪದರ ಪೂರ್ತಿ ಉಜ್ಜಿ ತೆಗೀಬೇಕು, ಅದೂ ಕೈಯಿಂದ, ತಿಂಗಳುಗಟ್ಟಲೆ. ನಾರು ಕಂಡಿತೋ, ಕೈ ನಿಲ್ಲಿಸ್ರಿ! ಭಾರ ಹೊರೋದೇ ಅದು. ಪೇಂಟ್ ರಿಮೂವರ್ ಸುರಿದರೆ ಎಪಾಕ್ಸಿಯೇ ಹಾಳು.

ಉಜ್ಜಿದ ಮೇಲೆ ಹೊಸ ಬಣ್ಣ. ಕೆಂಪು, ಕಪ್ಪು ಹೊಡೆಯೋಣವೇ? ಬ್ಯಾಡ್ರಿ. ಹಲವು ಗ್ಲೈಡರ್‌ಗಳ ಮೈ 54 ಡಿಗ್ರಿ ದಾಟಬಾರದು. ನಮ್ಮ ಏಪ್ರಿಲ್ ಬಿಸಿಲಿಗೆ ಕಪ್ಪು ತಗಡು ಮುಟ್ಟಿ ನೋಡ್ರಿ, ಗೊತ್ತಾಗ್ತದೆ. ಬಿಳಿಯೇ ಗತಿ.

ಇನ್ನು ತೂಕ. ಲಾರಿ ಬಾಗಿಲು ಎರಡು ಕಿಲೋ ಹೆಚ್ಚು ತೂಗಿದರೆ ಯಾರು ಕೇಳ್ತಾರೆ? ಇಲ್ಲಿ ರೆಕ್ಕೆಯ ಹಿಂಬದಿಯಲ್ಲಿ ಮೇಲೆ ಕೆಳಗೆ ಆಡೋ ಪಟ್ಟಿ, ಅಂದ್ರೆ ಏಲೆರಾನ್ ಮೇಲೆ ಬಣ್ಣ ತುಸು ದಪ್ಪಾದರೂ ಸಮತೋಲ ತಪ್ಪಿ, ವೇಗದಲ್ಲಿ ಪಟಪಟ ನಡುಗಿ ಮುರಿಯಬಹುದು. ಹಾಗಾಗಿ ಬಣ್ಣ, ಪಾಲಿಶ್ ಆದಮೇಲೆ ಇಂಥ ಒಂದೊಂದು ಭಾಗವನ್ನೂ ತೂಗಿ, ಲಾಗ್‌ಬುಕ್‌ಗೆ ಬರೆದು, ಲೈಸೆನ್ಸ್ ಇರೋ ಎಂಜಿನಿಯರ್ ಸಹಿ ಹಾಕಿದರೆ ಮಾತ್ರ ಹಾರಾಟ.